ಹುಳಗಳಿಗೆ ಬೆಳ್ಳಿ ನೀರು

ಕರಜಗಿಯಲ್ಲಿ ಗಂಗುಬಾಯಿಯ ಮನೆ ಕೇಳಿದರೆ, "ಹುಳದ ಗಂಗವ್ವನ ಮನೀನ?" ಎಂದು ನಕ್ಕೇ ದಾರಿ ತೋರಿಸುತ್ತಾರೆ. ಹೊಲದ ಬೇವಿನ ಮರದಡಿ ತೊಟ್ಟಿ ಕಟ್ಟಿಸಿ, ಸಗಣಿಯನ್ನೂ ಕಬ್ಬಿನ ಒಣಗರಿಯ ರವದಿಯನ್ನೂ ತುಂಬಿ ಎರೆಹುಳು ಸಾಕಿದವಳು ಆಕೆ. ಮೂಗು ಮುರಿದವರೇ ಆಮೇಲೆ ಬುಟ್ಟಿ ಹಿಡಿದು ಗೊಬ್ಬರಕ್ಕೆ ಸಾಲುಗಟ್ಟಿದರು. ಹೆತ್ತ ಮಗಳು ಜಯಮಾಲಾ ತವರಿಗೆ ಬಂದರೂ, ಗಂಗುಬಾಯಿ ಮೊದಲು ತೊಟ್ಟಿಗೆ ನೀರು ಚಿಮುಕಿಸಿ ಆಮೇಲೆಯೇ ಚಹಾಕ್ಕಿಡುತ್ತಿದ್ದಳು.

ಈ ಸಲ ಮಳೆ ಬಿಡದೆ ಜಿಟಿಜಿಟಿ ಹಿಡಿದು ತೊಟ್ಟಿಗೆ ಬೂಷ್ಟು ಬಂತು. ಗಂಗುಬಾಯಿಗೆ ಅನ್ನ ಸೇರಲಿಲ್ಲ. ಅದೇ ಹೊತ್ತಿಗೆ ಔಷಧಿ ಅಂಗಡಿಯ ಶಾಂತಕುಮಾರ ದಾಳಿಂಬೆ ಗಿಡಕ್ಕೆಂದು ಹೊಸ ಬಾಟಲಿ ತಂದುಕೊಟ್ಟ.

"ಇದರಾಗ ಏನದ ತಮ್ಮಾ?"

"ಬೆಳ್ಳಿ ಅದ ಅಕ್ಕಾ. ಕಣ್ಣಿಗೆ ಕಾಣದಷ್ಟು ಸಣ್ಣ ಮಾಡ್ಯಾರ. ಎಲಿ ಮ್ಯಾಲ ಹೊಡೀರಿ, ರೋಗ ಹತ್ತಿರ ಬರಂಗಿಲ್ಲ."

ಬೆಳ್ಳಿ ಎಂಬ ಮಾತೊಂದೇ ಆಕೆಯ ಕಿವಿಯಲ್ಲಿ ಉಳಿಯಿತು. ಜಯಮಾಲಾ ತೊಟ್ಟಿಲಲ್ಲಿದ್ದಾಗ ಅಜ್ಜಿಯ ನಿಜಾಮಶಾಹಿ ಬೆಳ್ಳಿ ರೂಪಾಯಿಯನ್ನು ನೀರಿಗೆ ಹಾಕಿ, ಆ ನೀರನ್ನೇ ಕುಡಿಸಿ ಬೆಳೆಸಿದ್ದಳು. ಮಗುವಿಗೆ ಒಳ್ಳೆಯದಾದದ್ದು ಹುಳಕ್ಕೆ ಕೆಟ್ಟದ್ದಾಗುತ್ತದೆಯೇ? ಬಾಟಲಿಯ ಮೇಲೆ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ ಏನೋ ಬರೆದಿತ್ತು. ಅದನ್ನು ಗಂಗುಬಾಯಿ ಓದಲೆಂದು ಯಾವ ಪುಣ್ಯಾತ್ಮ ಬರೆದಿದ್ದನೋ! ಆಕೆ ಕೊಡಕ್ಕಿಷ್ಟು ಬೆರೆಸಿ ತೊಟ್ಟಿಗೆ ಸುರಿದಳು.

ಬೂಷ್ಟು ಮಾಯವಾಯಿತು. ಹಿಗ್ಗಿಹೋದ ಗಂಗುಬಾಯಿ ಬಾಟಲಿ ಮುಗಿಯುವ ತನಕ ಸುರಿದಳು. ಹಳ್ಳದ ದಂಡೆಯಲ್ಲಿ ಮೆಣಸಿನಕಾಯಿ ಹಾಕುವ ಮಾಳಮ್ಮ ಗೊಬ್ಬರಕ್ಕೆ ಬಂದಾಗ, ಅದೇ ತೊಟ್ಟಿಯಿಂದ ಹುಳ ಸಮೇತ ತುಂಬಿ ಆಕೆಯ ಬಂಡಿಗೇರಿಸಿದಳು.

ಆಮೇಲೆ ತೊಟ್ಟಿಯಲ್ಲಿ ಸಗಣಿ ಸಗಣಿಯಾಗಿಯೇ ಉಳಿಯಿತು, ಕೊಳೆಯಲೇ ಇಲ್ಲ. ಹುಳಗಳು ಗೋಡೆ ಹತ್ತಿ ಹೊರಗೆ ಬಿದ್ದು ಒಣಗಿದವು. ಒಳಗೆ ಬೆರಳಾಡಿಸಿದರೆ ಒಂದು ತತ್ತಿಯೂ ಸಿಗಲಿಲ್ಲ. ಗಂಗುಬಾಯಿ ತೊಟ್ಟಿಯ ಕಟ್ಟೆಗೆ ಹಣೆ ಹಚ್ಚಿ ಅತ್ತಳು.

ಸುದ್ದಿ ಕೇಳಿ ಓಡಿಬಂದ ಶಾಂತಕುಮಾರನ ಮುಖ ಸಪ್ಪಗಾಯಿತು. "ಎಲಿಗೆ ಅಂದಿದ್ನಲ್ಲ ಅಕ್ಕಾ! ಬೂಷ್ಟು ಕೊಲ್ಲೂದು ಮಣ್ಣಿನ ಜೀವಾನೂ ಕೊಲ್ತದ."

"ನೀರು ಬಿಟ್ಟು ತೊಳದ್ರ?"

"ತೊಳದ ನೀರು ಹಳ್ಳಕ್ಕ, ಹಳ್ಳ ಭೀಮಾ ನದಿಗಿ. ಅಲ್ಲಿ ಮೀನ ಅವ."

ಹಳ್ಳ ಎಂದದ್ದೇ ಗಂಗುಬಾಯಿಗೆ ಮಾಳಮ್ಮನ ಬಂಡಿ ನೆನಪಾಯಿತು. ಚಪ್ಪಲಿಯನ್ನೂ ಮೆಟ್ಟದೆ ಮಾಳಮ್ಮನ ಹೊಲಕ್ಕೆ ಓಡಿದಳು. ಗೊಬ್ಬರ ಹರಡಿ, ಕುಂಟೆ ಹೊಡೆದು, ಮಣ್ಣಲ್ಲಿ ಬೆರೆತೇ ಹೋಗಿತ್ತು.

"ಬಾ ಅಕ್ಕಾ, ನಿನ್ನ ಗೊಬ್ಬರ ಮಣ್ಣಾಗ ಚಂದ ಕೂಡೇದ ನೋಡು," ಎಂದಳು ಮಾಳಮ್ಮ.

"ಮಾಳವ್ವಾ, ನಿನ್ನ ಹೊಲಕ್ಕ ನಾ ವಿಷ ಕೊಟ್ಟೇನಿ ಬೇ."

ಮಾಳಮ್ಮ ಮೊದಲು ನಕ್ಕಳು. ಗಂಗುಬಾಯಿ ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ನಗೆ ಆರಿತ್ತು. ಆದರೂ ಗಟ್ಟಿ ಹೆಂಗಸು, ಬದುವಿನ ಮೇಲಿದ್ದ ಸಲಿಕೆ ಎತ್ತಿಕೊಂಡಳು.

"ಆಗಿದ್ದಾತು, ಅಳಬ್ಯಾಡ. ಅಗದು ತಗದು ಬಿಡೂಣು. ಎಲ್ಲಿ ಅದ, ತೋರ್ಸು."

ಗಂಗುಬಾಯಿ ಮೊಣಕಾಲೂರಿ ಒಂದು ಹಿಡಿ ಮಣ್ಣು ತೆಗೆದಳು. ಬೆರಳಲ್ಲಿ ತಿಕ್ಕಿ ನೋಡಿದಳು. ಇನ್ನೊಂದು ಹಿಡಿ ತೆಗೆದಳು. ಎರಡೂ ಒಂದೇ ಕರಿಮಣ್ಣು. ಹಳ್ಳದ ತನಕ ಹೊಲವೆಲ್ಲ ಅದೇ ಮಣ್ಣು.

ಮಾಳಮ್ಮ ಸಲಿಕೆ ಹಿಡಿದು ಕಾಯುತ್ತ ನಿಂತೇ ಇದ್ದಳು.