ಅಂಗೈಯಲ್ಲಿ ಲಿಂಗ, ಕೆಳಗೆ ಕಡಲು

ಚಟ್ನಿಪುಡಿಗೆಂದು ಶೇಂಗಾ ಹುರಿಯುತ್ತಿದ್ದೆ. ಎದುರುಮನೆಯ ಅಕ್ಕನ ಸೊಸೆ ಬಾಗಿಲಲ್ಲಿ ನಿಂತು, "ಅತ್ತಿ ಹೋಗಿಬಿಟ್ರು" ಅಂದಳು. ಒಲೆ ಆರಿಸಿದೆ. ಹುರಿದ ಶೇಂಗಾದ ವಾಸನೆ ಮಾತ್ರ ಮನೆ ತುಂಬಾ ಉಳಿಯಿತು. ಇಟಲಿಗೆ ಹೋದಾಗ ಅಕ್ಕನ ಚೀಲದಿಂದ ಬರುತ್ತಿದ್ದದ್ದೂ ಇದೇ ವಾಸನೆ...

ಆದವಾನಿಯ ಹತ್ತಿ ವ್ಯಾಪಾರಿಗಳು ಸಂಸಾರ ಸಮೇತ ಹೊರಟ ಪ್ರವಾಸ ಅದು. ಜಿನೋವಾ ಎಂಬ ಹಳೆಯ ಬಂದರಿನಲ್ಲಿ ಹಡಗು ಹತ್ತಬೇಕಿತ್ತು. ಗಂಡಸರೂ ಉಳಿದ ಹೆಂಗಸರೂ ಮುಂದೆ ಹತ್ತಿಬಿಟ್ಟಿದ್ದರು. ತಪಾಸಣೆಯ ಚೌಕಟ್ಟಿನಡಿ ಅಕ್ಕ ಕಾಲಿಟ್ಟದ್ದೇ ತಡ, ಯಂತ್ರ ಕೂಗಿತು. ಅವರ ಕೊರಳಲ್ಲಿದ್ದ ಬೆಳ್ಳಿ ಕರಡಿಗೆಯನ್ನು ತೆಗೆದು ಟ್ರೇಯಲ್ಲಿಡುವಂತೆ ಅಲ್ಲಿನ ಹೆಂಗಸು ಸನ್ನೆ ಮಾಡಿದಳು.

ಒಳಗೆ ಇಷ್ಟಲಿಂಗ. ದೀಕ್ಷೆಯಾದಂದಿನಿಂದ ಮೈ ಬಿಟ್ಟು ಅಗಲಿದ್ದೇ ಇಲ್ಲ. ಅಕ್ಕ ಸೆರಗನ್ನು ಎದೆಗೆ ಅವಚಿಕೊಂಡರು.

"ಜೀವ ಕೇಳಿದ್ರ ಕೊಟ್ಟೇನು, ಇದನ್ನ ಕೊಡಾಂಗಿಲ್ಲ ಅಂತ ಹೇಳ ಆಕಿಗೆ."

"ಯಾವ ಭಾಷಿದಾಗ ಹೇಳ್ಲೆಕ್ಕಾ?"

ಹಿಂದೆ ಸಾಲು ಬೆಳೆಯಿತು. ನಮ್ಮನ್ನು ಕರೆತಂದಿದ್ದ ಪ್ರವಾಸದ ಕಂಪನಿಯ ಹುಡುಗ, "ಅಮ್ಮಾ, ಪಡವ ಪೋತುಂದಿ" ಎಂದು ತೆಲುಗಿನಲ್ಲಿ ಗೋಳಾಡಿದ. ಹಡಗು ಹೋದರೆ ನಾವಿಬ್ಬರು ಹೆಂಗಸರು ಆ ಪರದೇಶದಲ್ಲಿ ಎಲ್ಲಿಗೆ ಹೋಗುವುದು? ಪಂಚಾಕ್ಷರಿ ಹೇಳತೊಡಗಿದೆ, ಅದೂ ನಡುವೆ ತಪ್ಪಿತು.

ಅಕ್ಕ ಒಂದು ಗಳಿಗೆ ಕಣ್ಣು ಮುಚ್ಚಿದರು. ಆಮೇಲೆ ಕರಡಿಗೆ ತೆರೆದು, ಪೂಜೆಗೆ ಕೂತಾಗಿನಂತೆ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಬರೀ ಬೆಳ್ಳಿಯನ್ನು ಟ್ರೇಗೆ ಹಾಕಿದರು. "ಅಂಗೈನೂ ಮೈನ ಅಲ್ಲೇನು" ಅಂದು ಚೌಕಟ್ಟು ದಾಟಿದರು. ಯಂತ್ರ ಕೂಗಲಿಲ್ಲ. ಆ ಹೆಂಗಸು ಅಂಗೈಯನ್ನು ಬಗ್ಗಿ ನೋಡಿ, ಹೋಗೆಂದು ಕೈಬೀಸಿದಳು.

ಕರಡಿಗೆ ಯಾರದೋ ಪೆಟ್ಟಿಗೆಗಳ ಹಿಂದೆ ಸಿಕ್ಕಿಕೊಂಡಿತ್ತು. ಅದನ್ನು ನಾನು ಕಸಿದುಕೊಂಡು ಬರುವಷ್ಟರಲ್ಲಿ ಹುಡುಗ ಅಕ್ಕನನ್ನು ಹಡಗಿನ ಏಣಿಗೆ ಅಟ್ಟಿದ್ದ. ಏಣಿಯ ಸಂದಿನಲ್ಲಿ ಕರ್ರಗಿನ ನೀರು. ಜಾರಿತೆಂದರೆ ಮುಗಿಯಿತು, ಲಿಂಗ ಕಳೆದುಕೊಂಡು ಅಕ್ಕ ಒಂದು ತುತ್ತೂ ಉಣ್ಣುವವರಲ್ಲ. ಅವರ ಅಂಗೈ ಕೆಳಗೆ ನನ್ನ ಸೆರಗು ಹಾಸಿ ಹಿಡಿದು, ಮೇಲೆ ಮುಟ್ಟುವವರೆಗೂ ಹಾಗೇ ಹತ್ತಿದೆ. ಅಷ್ಟು ಹೊತ್ತು ಗಾಳಿ ಬೀಸಲಿಲ್ಲ. ಶಿವ ದೊಡ್ಡವನು.

ಮೇಲೆ ಅಕ್ಕನ ಗಂಡ, ಭಾವನವರು, ಸಿಡುಕಿದರು. "ಎಲ್ಲಿ ನಿಂತಿದ್ರಿ ಇಷ್ಟೊತ್ತು?"

"ಪೂಜಿ ಮಾಡಾಕತ್ತಿದ್ದೆ" ಅಂದರು ಅಕ್ಕ. ಲಿಂಗವನ್ನು ಕರಡಿಗೆಯಲ್ಲಿಟ್ಟು, ಮುಚ್ಚಳವನ್ನು ಎರಡೆರಡು ಸಲ ಒತ್ತಿ ನೋಡಿದರು...

ಅಕ್ಕ ನಿದ್ದೆಯಲ್ಲೇ ಹೋದರಂತೆ, ನರಳಲಿಲ್ಲವಂತೆ. ಅದೂ ಒಂದು ದಯೆಯೇ. ಆದರೂ ಎದೆ ಒಪ್ಪುತ್ತಿಲ್ಲ. ಮಣ್ಣು ಮಾಡಿ ಬಂದವರಿಗೆ ಊಟ ನಮ್ಮ ಮನೆಯಿಂದಲೇ ಹೋಗಬೇಕು. ಭಾವನವರ ಸಾರಿಗೆ ಉಪ್ಪು ಎಷ್ಟು ಹಾಕಬೇಕೆಂದು ಕೇಳೋಣವೆಂದರೆ, ಅದು ಗೊತ್ತಿದ್ದವರು ಅಕ್ಕ ಒಬ್ಬರೇ. ಬೇಳೆ ತೊಳೆದು ಒಲೆಯ ಮೇಲಿಟ್ಟೆ.