ರುಮಾಲು ಎಲ್ಲಿ ಇಡಬೇಕು?

ಬಳ್ಳಾರಿಯಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ: ‘ಯಾರ್ ಸತ್ತಾರ್ರಿ?’

ಬೆಳಿಗ್ಗೆ ರಸ್ತೆಯ ತುಂಬ ಗಂಡಸರು ಬರಿತಲೆಯಲ್ಲಿ ನಡೆದು ಹೋಗುತ್ತಿದ್ದರು. ಎಣ್ಣೆ ಹಚ್ಚಿ, ಬೈತಲೆ ತೆಗೆದು, ಛತ್ರಿ ಹಿಡಿದು, ಕಚೇರಿಗಳ ಕಡೆಗೆ. ನಮ್ಮ ಸಿರಿಗೇರಿಯಲ್ಲಿ ಗಂಡಸು ರುಮಾಲಿಲ್ಲದೆ ಬೀದಿಗೆ ಬಂದನೆಂದರೆ ಮನೆಯಲ್ಲಿ ಹೆಣ ಇದೆ ಎಂದರ್ಥ. ಇಷ್ಟು ಜನ ಬರಿತಲೆಯಾಗಬೇಕಾದರೆ ಎಂಥ ದೊಡ್ಡ ಮನುಷ್ಯ ಹೋಗಿರಬೇಕು! ಪಕ್ಕದ ಮನೆಯ ಗುರುರಾಯರು ನಗು ತಡೆದುಕೊಂಡು ಹೇಳಿದರು: ‘ಯಾರೂ ಸತ್ತಿಲ್ಲಪಾ. ಅದು ಕ್ರಾಪು.’

ಇದನ್ನು ಎಷ್ಟೋ ಸಲ ಹೇಳಿದ್ದೇನೆ, ಪ್ರತಿ ಸಲವೂ ಜನ ನಕ್ಕಿದ್ದಾರೆ. ಅದಕ್ಕೇ ನನಗೆ ಅನುಮಾನ. ಬಾಯಿಬಿಟ್ಟು ಕೇಳಿದೆನೋ, ಬರೀ ಅಂದುಕೊಂಡೆನೋ? ಹೆದರಿದ್ದಂತೂ ನಿಜ.

ಕೌಲ್ ಬಜಾರಿನಲ್ಲಿ ಸಿಕ್ಕಿದ್ದು ಬೀದಿಗೆ ತೆರೆದ ಒಂದು ಕೋಣೆ. ಊರಿನ ಮಣ್ಣಿನ ಮಾಳಿಗೆ ಸಂಜೆಗೆ ತಣ್ಣಗಾಗುತ್ತದೆ. ಇಲ್ಲಿ ಕೋಟೆಗುಡ್ಡದ ಬಂಡೆಗಳು ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆಗೆ ಹೊರಬಿಡುತ್ತವೆ. ಹೋಟೆಲಿನ ಅನ್ನ ಉಂಡು ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿವು. ರೊಟ್ಟಿ ತಿಂದ ಹೊಟ್ಟೆಗೆ ಅದು ಊಟವೆಂದೇ ತಿಳಿಯಲಿಲ್ಲ. ಮನೆಯೊಡತಿಯದು ತೆಲುಗು. ಮನೆಮುಂದಿನ ಕಟ್ಟೆಯನ್ನು ಅವರು ‘ಅರುಗು’ ಎನ್ನುತ್ತಿದ್ದರು. ಊರಲ್ಲಿ ಕಟ್ಟೆಯ ಮೇಲೆ ಕೂತರೆ ದಾರಿಯಲ್ಲಿ ಹೋಗುವವರು ನಿಂತು ಮಾತಾಡಿಸುತ್ತಾರೆ. ಅರುಗಿನ ಮೇಲೆ ಕೂತರೆ ಯಾರೂ ನಿಲ್ಲುತ್ತಿರಲಿಲ್ಲ.

ನನಗೆ ಬೇಕಾಗಿದ್ದು ಒಂದು ನೌಕರಿ. ಸಿರುಗುಪ್ಪದಲ್ಲಿ ಹೈಸ್ಕೂಲು ಮುಗಿಸಿದ್ದೆ. ನೌಕರಿ ಸಿಗದಿದ್ದರೆ ಕುರುಗೋಡಿನ ಸೋದರಮಾವನಿಗೆ ಮನೆಅಳಿಯನಾಗಬೇಕು. ಮಾವನಿಗೆ ಹೊಲವಿತ್ತು, ಮಗಳಿದ್ದಳು, ಗಂಡುಮಕ್ಕಳಿರಲಿಲ್ಲ. ಆ ಮನೆಯ ಜೀವನ ಪೂರ್ತಿ ನನಗೆ ಆಗಲೇ ಕಾಣುತ್ತಿತ್ತು, ಅದೇ ನನ್ನ ತಕರಾರು. ಬಸ್ಸು ಹತ್ತಿಸುವಾಗ ಅಪ್ಪ ಹೇಳಿದ್ದ: ‘ಸುಗ್ಗಿತನಕ ನೋಡು. ಸಿಗಲಿಲ್ಲಂದ್ರ ಕುರುಗೋಡಿಗೆ ನಡಿ. ಅಲ್ಲಿ ಇಂಟ್ರೂ ಗಿಂಟ್ರೂ ಏನಿಲ್ಲ. ನಿಮ್ಮ ಮಾವ ನಿನ್ನ ಹುಟ್ಟಿದಾಗ್ಲೇ ನೋಡ್ಯಾನ.’

ಸುಗ್ಗಿ ಹತ್ತಿರ ಬಂದಾಗ ಒಂದು ಹತ್ತಿ ಕಂಪನಿಯಿಂದ ಗುಮಾಸ್ತೆ ಕೆಲಸಕ್ಕೆ ಕರೆ ಬಂತು. ಸರ್ಕಾರಿ ಕಚೇರಿಯಲ್ಲಿದ್ದ ಗುರುರಾಯರು ಅರುಗಿನ ಮೇಲೆ ಕೂರಿಸಿಕೊಂಡು ನನ್ನನ್ನು ತಯಾರು ಮಾಡತೊಡಗಿದರು.

‘ಬಾಗಿಲದಾಗ ನಿಂತು, ಮೇ ಐ ಕಮಿನ್ ಸರ್, ಅನ್ನು. ಅವರು ಕೂಡು ಅನ್ನೂತನಕ ಕೂಡಬ್ಯಾಡ. ಕೂತಮ್ಯಾಲೆ ಕಾಲು ಅಲ್ಲಾಡಿಸಬ್ಯಾಡ.’

‘ಆತ್ರಿ.’

‘ಬರಿತಲೀಲೆ ಹೋಗು.’

‘ಹೆಂಗ್ ಹೋಗ್ಲಿರಿ? ನಮ್ಮಪ್ಪ ಜೀವಂತ ಅದಾನ.’

‘ನಮ್ಮಪ್ಪನೂ ಅದಾರಲೇ! ಒಳಗ ಕಾಫಿ ಕುಡ್ಯಾಕತ್ಯಾರ.’

ಒಳಗಿನಿಂದ ಮುದುಕರು ಕೆಮ್ಮಿದರು.

ಕೊನೆಗೆ ರಾಜಿಯಾಯಿತು. ರುಮಾಲು ಸುತ್ತಿಕೊಂಡೇ ಹೋಗುವುದು, ಒಳಗೆ ಹೊಕ್ಕ ಮೇಲೆ ತೆಗೆಯುವುದು. ಇಂಗ್ಲಿಷ್ ದೊರೆಗಳು ಟೋಪಿ ತೆಗೆಯುತ್ತಿದ್ದರಲ್ಲ, ಹಾಗೆ. ತೆಗೆದದ್ದನ್ನು ಎಲ್ಲಿಡಬೇಕೆಂದು ನಾನು ಕೇಳಲಿಲ್ಲ. ಎಂದೂ ರುಮಾಲು ಸುತ್ತದ ರಾಯರಿಗೆ ಅದು ಹೊಳೆಯಲೂ ಇಲ್ಲ.

ಮ್ಯಾನೇಜರು ಆದವಾನಿ ಕಡೆಯವರು. ಬಾಗಿಲಲ್ಲಿ ಅನ್ನಬೇಕಾದದ್ದನ್ನು ಅಂದೆ. ಅವರು ಇಂಗ್ಲಿಷಿನಲ್ಲಿ ಬರಹೇಳಿದರು. ಒಳಗೆ ಹೋಗಿ ಎರಡೂ ಕೈಯಿಂದ ರುಮಾಲನ್ನು ಸುತ್ತಿದ ಹಾಗೆಯೇ ಎತ್ತಿದೆ. ಗೋಡೆಯಲ್ಲಿ ಗೂಟವಿರಲಿಲ್ಲ. ನೆಲಕ್ಕೆ ಇಡುವುದುಂಟೆ? ಕಂಕುಳಲ್ಲಿ ಹಿಡಿದರೆ ಬಿಚ್ಚಿಕೊಳ್ಳುತ್ತದೆ. ಮೇಜಿನ ಮೇಲೆ, ಅವರ ಮುಂದೆ, ಇಟ್ಟೆ. ಇಡಲು ಬಗ್ಗಬೇಕಲ್ಲ, ಬಗ್ಗಿದೆ.

ಕೈ ಹಿಂದಕ್ಕೆ ಬರುವ ಮೊದಲೇ ಏನು ಮಾಡಿದೆನೆಂದು ತಿಳಿಯಿತು. ನಮ್ಮ ಕಡೆ ಗಂಡಸು ಇನ್ನೊಬ್ಬನ ಮುಂದೆ ಬಗ್ಗಿ ರುಮಾಲು ಇಡುವುದು, ನನ್ನ ಮಾನ ನಿಮ್ಮ ಕೈಯಲ್ಲಿದೆ, ಉಳಿಸಿ ಎಂದು ಬೇಡಿಕೊಳ್ಳುವಾಗ ಮಾತ್ರ. ಮ್ಯಾನೇಜರಿಗೂ ಅದು ಗೊತ್ತಿತ್ತು. ಕುರ್ಚಿ ಸರಿಸಿ ಎದ್ದೇಬಿಟ್ಟರು. ಅವರ ಇಂಗ್ಲಿಷು ಎಲ್ಲಿ ಹೋಯಿತೋ.

‘ಏ ಏ, ಏನ್ರೀ ಇದು! ಎತ್ರಿ ಮದ್ಲ! ನಾನೇನ್ ದೇವರೇನ್ರಿ?’

‘ಹಂಗಲ್ರಿ ಸಾಹೇಬ್ರ, ರಾಯರು ಹೇಳಿದ್ರು...’

‘ಯಾವ ರಾಯರು? ಶಿಫಾರಸು ಬ್ಯಾರೆ ತಂದೀರೇನು?’

ಕುರುಗೋಡಿನ ಹೊಲ ಕಣ್ಣ ಮುಂದೆ ಬಂತು.

‘ಸುತ್ಕೊಳ್ರಿ ಅದನ್ನ. ಸುತ್ಕೊಂಡು ಕೂಡ್ರಿ,’ ಎಂದರು.

ಆಮೇಲಿನ ಮಾತೆಲ್ಲ ಕನ್ನಡದಲ್ಲೇ ನಡೆಯಿತು. ಯಾವ ಊರು, ಯಾವ ಹೊಲ, ಹತ್ತಿ ತೂಗುವವರ ಬಗ್ಗೆ ನಿಮ್ಮ ಜನ ಏನಂತಾರೆ. ‘ಬೈತಾರ್ರಿ,’ ಎಂದೆ. ನಕ್ಕರು. ಬಾಯಿಪಾಠ ಮಾಡಿದ ಇಂಗ್ಲಿಷು ಹಾಗೇ ಉಳಿಯಿತು. ‘ಸೋಮವಾರದಿಂದ ಬರ್ರಿ,’ ಎಂದರು.

ಇದು ನಾನು ಹೇಳುವ ಕಥೆ. ಗುರುರಾಯರ ಪ್ರಕಾರ ನಾನು ಕಾಲಿಗೇ ಬಿದ್ದೆ. ಮಾವ ಕುರುಗೋಡಿನಲ್ಲಿ ಅಂದನಂತೆ: ‘ಆ ರುಮಾಲು ನನ್ನ ಮುಂದ ಇಟ್ಟಿದ್ರ ಹೊಲಾನ ಬರಕೊಡ್ತಿದ್ನಲ್ಲೋ!’ ಹೇಳುವವರು ಹೆಚ್ಚಾದಷ್ಟೂ ಮ್ಯಾನೇಜರ ಕೋಣೆ ನನ್ನ ನೆನಪಿನಲ್ಲಿ ಮಸುಕಾಗುತ್ತ ಬಂತು. ಕೆಲಸ ಸಿಕ್ಕಿದ್ದು ಯೋಗ್ಯತೆಗೋ, ಕನಿಕರಕ್ಕೋ? ಇದೊಂದು ನನ್ನನ್ನು ಕೂರಲು ಬಿಡಲಿಲ್ಲ. ಒಂದು ದಿನ ಮ್ಯಾನೇಜರನ್ನೇ ಕೇಳಿದೆ.

‘ಯಾವ ರುಮಾಲ್ರಿ?’ ಎಂದರು. ನಿಜಕ್ಕೂ ಅವರಿಗೆ ನೆನಪಿರಲಿಲ್ಲ. ‘ನಿಮ್ಮನ್ನ ತಗೊಂಡಿದ್ದು ಮಾತಿಗೆ. ಹತ್ತಿ ತರೋ ರೈತರ ಜೋಡಿ ಅವರಂಗ ಮಾತಾಡಾಕ ಒಬ್ರು ಬೇಕಾಗಿತ್ತು. ಇಂಗ್ಲಿಷಿನವರು ನಮ್ಮಲ್ಲಿ ಭಾಳ ಅದಾರ.’

ನಾನು ಬಂದದ್ದು ಊರು ಬಿಡಲೆಂದು. ಸಂಬಳ ಸಿಗುವುದು ಊರಿನವನಾಗಿರುವುದಕ್ಕೆ. ನನ್ನ ಮೇಜು ಗಾಡಿಗಳು ನಿಲ್ಲುವ ಗೇಟಿನ ಪಕ್ಕದಲ್ಲಿದೆ. ಒಳಗಿನವರಿಗೆ ನಾನು ಸಿರಿಗೇರಿಯವನು. ರಾಜ್ಯ ಒಡೆದರೆ ಬಳ್ಳಾರಿ ಜಿಲ್ಲೆ ಮೈಸೂರಿಗೆ ಸೇರಬೇಕೋ ಆಂಧ್ರಕ್ಕೋ ಎಂದು ಅವರು ಕಾಫಿಯ ಹೊತ್ತಿನಲ್ಲಿ ಜಗಳವಾಡುತ್ತಾರೆ; ನಾನು ಗಾಡಿಗಳ ಲೆಕ್ಕ ಬರೆಯುತ್ತೇನೆ.

ಕಳೆದ ವಾರ ಸಿರುಗುಪ್ಪದ ಕಡೆಯ ಗಾಡಿ ಬಂತು. ಗಾಡಿಯವನೊಂದಿಗೆ ಅವ್ವನ ಜೊತೆ ಮಾತಾಡುವ ಹಾಗೆ ಮಾತಾಡಿದೆ: ಮಳೆ, ಎತ್ತಿನ ಕಾಲುನೋವು, ಹೊಳೆಯ ನೀರು. ಹೊರಡುವಾಗ ಆತ ನೊಗ ಹಿಡಿದು ನಿಂತ.

‘ಸಾಹೇಬ್ರ, ನಿಮ್ಮದು ಯಾವೂರ್ರಿ?’

‘ಸಿರಿಗೇರಿ.’

ಆತ ನಕ್ಕ. ‘ಏನ ಅನ್ರಿ, ನಮ್ಮ ಮಾತು ಚಲೋ ಕಲ್ತೀರಿ.’