ನೂರನ್ನು ನೂರ ಎಂಬತ್ತು ಮಾಡಿದ ಯಂತ್ರ

ಇನ್ನೂ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ದಾಖಲೆ ಕೋಣೆಯ ನೆಲದಲ್ಲಿ ರಿಪೇರಿಯಕ್ಕ ಕಾಲು ಚಾಚಿ ಕೂತಿದ್ದಾಳೆ. ಕಂಪ್ಯೂಟರಿನ ಗಾಳಿಕಿಂಡಿಗೆ ರಟ್ಟು ಅಡ್ಡವಿಟ್ಟು, ಅದು ಬಿಸಿಯೇರಲಿ ಎಂದು ಕಾಯುತ್ತಿದ್ದಾಳೆ.

"ತಣ್ಣಗಿದ್ದಾಗ ಇದು ಸಾಧು ಹಸು," ಎನ್ನುತ್ತಾಳೆ. "ಹಿಂದೆ ಮೂರು ಜನ ಕಂಪ್ಯೂಟರ್ ಪಂಡಿತರು ಬೆಳಿಗ್ಗೆ ಹೊತ್ತೇ ಬಂದು, ಚೆನ್ನಾಗಿದೆ ಅಂತ ಸಹಿ ಹಾಕಿ ಹೋದ್ರು. ಒಬ್ಬರಾದ್ರೂ ಮಧ್ಯಾಹ್ನದವರೆಗೆ ಕೂತ್ರಾ? ಇದು ಒದೆಯೋದೇ ಬಿಸಿಯಾದ್ಮೇಲೆ."

ಮೂರು ತಿಂಗಳಿಂದ ಇಲ್ಲಿ ರೋಗಿಗಳ ಅಂಕಿಗಳು ಬದಲಾಗುತ್ತಿವೆ. ಪರೀಕ್ಷೆಯ ಚೀಟಿಯಲ್ಲಿ ರಕ್ತದ ಸಕ್ಕರೆ ನೂರು. ಕಂಪ್ಯೂಟರಿನಲ್ಲಿ ನೂರ ಎಂಬತ್ತು. ಹೋದ ವಾರ ನರ್ಸ್ ಚೀಟಿ ತೆಗೆದು ನೋಡದಿದ್ದರೆ ಒಬ್ಬ ಮುದುಕನಿಗೆ ಬೇಡದ ಸೂಜಿ ಬೀಳುತ್ತಿತ್ತು. ಮರುದಿನವೇ ಅಂಕಿ ಟೈಪು ಮಾಡುವ ಗುಮಾಸ್ತೆಯನ್ನು ಮನೆಗೆ ಕಳಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳ ಕೆಲಸ ಉಳಿಯುತ್ತದೋ ಹೋಗುತ್ತದೋ, ಇವತ್ತು ಸಂಜೆ ತೀರ್ಮಾನ.

ರಿಪೇರಿಯಕ್ಕ ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ರೇಡಿಯೊ ಅಂಗಡಿಯಲ್ಲಿ ಕಸ ಗುಡಿಸುತ್ತ, ನೋಡಿ ನೋಡಿಯೇ ಬೆಸುಗೆ ಕಲಿತಳು. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ಆರೇಳು ಯಂತ್ರ. ಸುಟ್ಟು ಸುಟ್ಟು ಬೆರಳಿನ ಗೆರೆ ಅಳಿಸಿದೆ. "ಹೆಬ್ಬೆಟ್ಟು ಒತ್ತಿದ್ರೆ ನಾನು ಹುಟ್ಟೇ ಇಲ್ಲ ಅನ್ನತ್ತೆ ಸರ್ಕಾರದ ಯಂತ್ರ," ಎಂದು ನಗುತ್ತಾಳೆ. ಆ ನಗು ತುಟಿ ದಾಟುವುದಿಲ್ಲ.

ಕಂಪ್ಯೂಟರ್ ಕಾದಿದೆ. ಸಾವಿರ ಸಲ ನೂರು ಎಂದು ಬರೆಸಿ, ತಿರುಗಿ ಓದಿಸುತ್ತಾಳೆ. ಏಳು ಕಡೆ ನೂರ ಎಂಬತ್ತು. ಬರೆದದ್ದನ್ನು ನೆನಪಿಟ್ಟುಕೊಳ್ಳುವ, ರ‍್ಯಾಮ್ ಎನ್ನುವ ಬೆರಳುದ್ದದ ಹಸಿರು ಪಟ್ಟಿಯನ್ನು ಕಿತ್ತು, ಸೀದಾ ಮೇಲಧಿಕಾರಿಯ ಕೋಣೆಗೆ ಹೋಗಿ ಅವರ ಕಂಪ್ಯೂಟರಿಗೇ ಸಿಕ್ಕಿಸುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಅಲ್ಲೂ ನೂರ ಎಂಬತ್ತು.

"ಏನ್ ಸಾರ್, ಗುಮಾಸ್ತೆ ಇಲ್ಲಿಗೂ ಬಂದು ಟೈಪ್ ಮಾಡಿದ್ಲಾ? ಅವಳು ಮನೇಲಿ ಅಳ್ತಾ ಕೂತಿದಾಳಲ್ಲ."

ಮೇಲಧಿಕಾರಿ ವರದಿಯ ಹಾಳೆ ಮುಂದಕ್ಕೆ ತಳ್ಳುತ್ತಾರೆ. "ಪಟ್ಟಿ ಕೆಟ್ಟಿತ್ತು ಅಂತ ಬರಿಯಮ್ಮ, ಸಾಕು. ಉಳಿದದ್ದು ನಾವು ನೋಡ್ಕೋತೀವಿ."

ಅವಳು ದಪ್ಪಕ್ಷರದಲ್ಲಿ ಬರೆಯುತ್ತಾಳೆ: ಪಟ್ಟಿ ಕೆಟ್ಟಿದೆ. ಗುಮಾಸ್ತೆಯ ತಪ್ಪಿಲ್ಲ. ಕೆಳಗೆ ಸಹಿ.

"ಆ ಎರಡನೇ ಸಾಲು ಬೇಡ."

"ಮೊದಲನೇದು ಬೇಕಾದ್ರೆ ಹೊಡೆದು ಹಾಕಿ ಸಾರ್. ಎರಡನೇದು ಬರೆಯೋಕೇ ನಾನು ಬೆಳಿಗ್ಗೆಯಿಂದ ಇಲ್ಲಿ ಕೂತಿರೋದು."